ಬೆಜೋಸ್‌ಗಿಂತ ಮೊದಲೇ ಒಂದು ಅಮೆಜಾನ್ ಇತ್ತು!

ಅಮೆಜಾನ್ ಶುರುವಾದದ್ದು ಯಾವಾಗ, ಎಲ್ಲಿ, ಯಾರಿಂದ?

ಕ್ವಿಜ್‌ನಲ್ಲಿ ಕೇಳಿದರೆ ಯಾವ ಕಾಲೇಜು ಹುಡುಗನೂ ಥಟ್ಟನೆ ಉತ್ತರ ಹೇಳಿಯಾನು. 1994, ಸಿಯಾಟಲ್ ಪಕ್ಕದ ಬೆಲ್‌ವ್ಯೂ, ಜೆಫ್ ಬೆಜೋಸ್, ಮನೆಯ ಗ್ಯಾರೇಜು. ಪೂರ್ತಿ ಅಂಕ. ಆದರೆ ಈ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ, ಅದಕ್ಕೂ ಪೂರ್ತಿ ಅಂಕ ಕೊಡಲೇಬೇಕು: 1970, ಮಿನಿಯಾಪೊಲಿಸ್, ರೋಸಿನಾ ರಿಕ್ಟರ್ ಮತ್ತು ಜೂಲಿ ಮೋರ್ಸ್ ಎಂಬ ಇಬ್ಬರು ಹೆಣ್ಣುಮಕ್ಕಳು, ಮನೆಯ ಜಗಲಿ!

ಹೌದು, ಜಗಲಿ. ಅದೇ ಹೆಸರು, ಅದೇ ಸರಕು. ಅಮೆಜಾನ್ ಎಂಬ ಹೆಸರಿನಲ್ಲಿ ಪುಸ್ತಕ ಮಾರಾಟ ನಡೆಯುತ್ತಿದ್ದಾಗ ಬೆಜೋಸ್ ಇನ್ನೂ ಆರು ವರ್ಷದ ಪೋರ. ಈ ಕಥೆಯ ಎಳೆ ಹಿಡಿದು ಜಗ್ಗುತ್ತಾ ಹೋದರೆ ಅಚ್ಚರಿಯ ಮೇಲೆ ಅಚ್ಚರಿ. ಕೋರ್ಟು ಬರುತ್ತದೆ, ಕಾಮಿಕ್ಸ್ ಬರುತ್ತದೆ, ಬೆಂಕಿ ಬರುತ್ತದೆ, ರಾಜಸ್ಥಾನದ ಹಳ್ಳಿಯ ಹೆಂಗಸರು ಬರುತ್ತಾರೆ, ಕಡೆಗೆ ನಮ್ಮ ಅಕ್ಕಮಹಾದೇವಿಯೂ ಬರುತ್ತಾಳೆ. ಒಂದೊಂದಾಗಿ ಹೇಳುತ್ತೇನೆ, ಕೇಳಿ.

ಸರಕೇ ಇಲ್ಲದ ಅಂಗಡಿ

1970ರ ಅಮೆರಿಕ ಎಂದರೆ ನಾವು ಸಿನಿಮಾದಲ್ಲಿ ಕಂಡ ಅಮೆರಿಕ ಅಲ್ಲ. ಮದುವೆಯಾದ ಹೆಂಗಸು ತನ್ನ ಹೆಸರಿನಲ್ಲಿ ಕ್ರೆಡಿಟ್ ಕಾರ್ಡು ಕೇಳಿದರೆ ‘ಗಂಡನ ಸಹಿ ಎಲ್ಲಿ’ ಎಂದು ಬ್ಯಾಂಕಿನವರು ಕೇಳುತ್ತಿದ್ದ ಕಾಲ. ಅದನ್ನು ತಡೆಯುವ ಕಾನೂನು ಬಂದದ್ದೇ 1974ರಲ್ಲಿ. ಅಂಥ ದಿನಗಳಲ್ಲಿ ಮಿನಿಯಾಪೊಲಿಸ್‌ನ ಹೆಣ್ಣುಮಕ್ಕಳ ಗುಂಪೊಂದು ಒಟ್ಟಿಗೆ ಬಾಳುತ್ತಿದ್ದ ಮನೆಯ ಜಗಲಿಯ ಮೇಲೆ ಆ ಇಬ್ಬರು ಒಂದಿಷ್ಟು ಪುಸ್ತಕ ಜೋಡಿಸಿಟ್ಟರು. ಹೆಂಗಸರು ಬರೆದದ್ದು, ಹೆಂಗಸರ ಬದುಕಿನ ಬಗ್ಗೆ ಬರೆದದ್ದು, ಅಷ್ಟೇ ಮಾರುತ್ತೇವೆ ಎಂದರು. ಗ್ರೀಕರ ಪುರಾಣದಲ್ಲಿ ಬರುವ ಯೋಧೆಯರ ಹೆಸರನ್ನೇ ಅಂಗಡಿಗೂ ಇಟ್ಟರು.

ಇಲ್ಲಿದೆ ನೋಡಿ ಮೊದಲನೇ ಬೆರಗು. ಮಾರುವುದಕ್ಕೆ ಪುಸ್ತಕವೇ ಇರಲಿಲ್ಲ! ಸ್ತ್ರೀವಾದಿ ಲೇಖಕಿ ಬೆಟ್ಟಿ ಫ್ರೀಡನ್ ಅವರ ಪುಸ್ತಕ ಬಂದು ಏಳು ವರ್ಷವಾಗಿತ್ತು. ಕೇಟ್ ಮಿಲೆಟ್, ಶುಲಾಮಿತ್ ಫೈರ್‌ಸ್ಟೋನ್ ಅವರ ಪುಸ್ತಕಗಳು ಅದೇ ವರ್ಷ ಆಗತಾನೇ ಬಿಸಿಬಿಸಿಯಾಗಿ ಬಂದಿದ್ದವು. ಅವನ್ನು ಬಿಟ್ಟರೆ ಕರಪತ್ರ, ಸೈಕ್ಲೋಸ್ಟೈಲ್ ಹಾಳೆ, ಪಿನ್ನು ಹೊಡೆದ ಕಿರುಹೊತ್ತಿಗೆ. ಯಾವ ಲೆಕ್ಕಪತ್ರದವನನ್ನು ಕೇಳಿದರೂ ‘ಸರಕಿಲ್ಲದೆ ಅಂಗಡಿ ಇಡಬೇಡಿ’ ಎನ್ನುತ್ತಿದ್ದ. ಇವರು ಇಟ್ಟೇಬಿಟ್ಟರು. ಅವರಷ್ಟೇ ಅಲ್ಲ. ಅದೇ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಮೈಲಿ ಆಚೆ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲೂ ಇಂಥದ್ದೇ ಒಂದು ಅಂಗಡಿ ಎದ್ದಿತ್ತು!

ಕಪಾಟು ಮೊದಲು ಬಂತು, ಪುಸ್ತಕ ಆಮೇಲೆ ಬಂತು. ಈ ಇಡೀ ಚರಿತ್ರೆಯ ಕೀಲಿಕೈ ಇರುವುದು ಇಲ್ಲೇ.

ಎಪ್ಪತ್ತೈದು ಸೆಂಟಿನ ಪುಸ್ತಕ

ಹೇಗೆ ಬಂತು ಎನ್ನುವುದಕ್ಕೆ ಒಂದೇ ಒಂದು ಪುಸ್ತಕವನ್ನು ಕೈಗೆತ್ತಿಕೊಂಡು ನೋಡೋಣ. ಬಾಸ್ಟನ್‌ನಲ್ಲಿ ಕೆಲವು ಹೆಂಗಸರು 1969ರಲ್ಲಿ ಒಂದೆಡೆ ಕೂತು ತಮ್ಮ ಡಾಕ್ಟರುಗಳ ಬಗ್ಗೆ ಮಾತಾಡತೊಡಗಿದರು. ಮುಟ್ಟು, ಬಸಿರು, ಹೆರಿಗೆ, ಗರ್ಭಪಾತ, ಏನು ಕೇಳಿದರೂ ‘ಅದೆಲ್ಲ ನಿನಗ್ಯಾಕಮ್ಮ’ ಎನ್ನುವ ಧಾಟಿಯ ಡಾಕ್ಟರುಗಳು. ಸರಿ, ನಾವೇ ಓದಿ ತಿಳಿದುಕೊಳ್ಳೋಣ ಎಂದು ಹೊರಟರು. ಒಬ್ಬೊಬ್ಬರು ಒಂದೊಂದು ವಿಷಯ ಹಂಚಿಕೊಂಡು, ವೈದ್ಯಕೀಯ ಪುಸ್ತಕಗಳನ್ನು ತಡಕಾಡಿ, ಬರೆದು, ಜೋರಾಗಿ ಓದಿ, ತಿದ್ದಿ, ಮತ್ತೆ ಬರೆದರು. 1970ರಲ್ಲಿ ಅದು 193 ಪುಟಗಳ ಪುಸ್ತಕವಾಯಿತು. ಪತ್ರಿಕೆ ಅಚ್ಚುಹಾಕುವ ಅಗ್ಗದ ಕಾಗದ, ಮಡಿಕೆಗೆ ಹೊಡೆದ ಪಿನ್ನು, ಬೆಲೆ 75 ಸೆಂಟು.

‘ಅವರ್ ಬಾಡೀಸ್, ಅವರ್‌ಸೆಲ್ವ್ಸ್’ ಎಂದು ಜಗತ್ತೆಲ್ಲ ಈಗ ಅರಿತಿರುವ ಪುಸ್ತಕ ಇದೇ! ಮೊದಲ ಮುದ್ರಣಕ್ಕೆ ಆ ಹೆಸರೂ ಇರಲಿಲ್ಲ, ಮರುವರ್ಷ ಬಂತು. ದೊಡ್ಡ ಅಂಗಡಿಗಳಲ್ಲಿ ಇದನ್ನು ಯಾವ ಕಪಾಟಿನಲ್ಲಿ ಇಡುತ್ತಿದ್ದರು ಹೇಳಿ? ವೈದ್ಯಕೀಯದಲ್ಲೋ? ಬರೆದವರು ಡಾಕ್ಟರುಗಳಲ್ಲ. ಮನೆವಾರ್ತೆಯಲ್ಲೋ? ಅಡುಗೆ ಪುಸ್ತಕದ ಪಕ್ಕ ಗರ್ಭಪಾತದ ಅಧ್ಯಾಯ ಇಟ್ಟಾರೆಯೇ? ಹೆಂಗಸರ ಕೇಂದ್ರ, ಕ್ಲಿನಿಕ್ಕು, ಜಗಲಿ ಅಂಗಡಿಗಳ ಮೂಲಕ ಅದು ಕೈಯಿಂದ ಕೈಗೆ ಹರಿಯಿತು. ಮಾರಾಟ ಲಕ್ಷಗಳನ್ನು ಮುಟ್ಟಿದ ಮೇಲೆ, 1973ರಲ್ಲಿ, ನ್ಯೂಯಾರ್ಕಿನ ದೊಡ್ಡ ಪ್ರಕಾಶಕರಾದ ಸೈಮನ್ ಆ್ಯಂಡ್ ಶೂಸ್ಟರ್ ಓಡೋಡಿ ಬಂದರು.

ಅದೇ ವರ್ಷ ಇನ್ನೊಂದು ಪವಾಡ. ರೀಟಾ ಮೇ ಬ್ರೌನ್ ಎಂಬಾಕೆ ಒಂದು ಕಾದಂಬರಿ ಬರೆದಿದ್ದಳು, ನಾಯಕಿ ಹುಡುಗಿಯನ್ನು ಪ್ರೀತಿಸುವ ಹುಡುಗಿ. ನಾಯಕಿಗೆ ಪಶ್ಚಾತ್ತಾಪವೂ ಇಲ್ಲ, ಕೊನೆಯಲ್ಲಿ ಸಾವೂ ಇಲ್ಲ! ದೊಡ್ಡ ಪ್ರಕಾಶಕರು ಕೈಯಲ್ಲಿ ಹಿಡಿಯಲಿಲ್ಲ. ಜೂನ್ ಆರ್ನಲ್ಡ್ ಮತ್ತು ಪಾರ್ಕ್ ಬೋಮನ್ ನಡೆಸುತ್ತಿದ್ದ ‘ಡಾಟರ್ಸ್’ ಎಂಬ ಪುಟ್ಟ ಪ್ರಕಾಶನ ಅದನ್ನು ‘ರೂಬಿಫ್ರೂಟ್ ಜಂಗಲ್’ ಎಂದು ಹೊರತಂದಿತು. ಸುಮಾರು 70,000 ಪ್ರತಿ ಖರ್ಚಾಯಿತು! ಹೊತ್ತು ಮಾರಿದ್ದು ಈ ಹೆಣ್ಣುಮಕ್ಕಳ ಅಂಗಡಿಗಳು, ಬಾಯಿಂದ ಬಾಯಿಗೆ ಹರಡಿದ್ದು ಓದುಗರು. 1977ರಲ್ಲಿ ಬ್ಯಾಂಟಮ್‌ನಂಥ ದೈತ್ಯ ಪ್ರಕಾಶನ ಹಕ್ಕು ಕೊಂಡುಕೊಂಡಿತು.

ಓದುಗರಿಲ್ಲ ಎಂದು ಪ್ರಕಾಶಕರು ಹೇಳುತ್ತಿದ್ದರು. ಓದುಗರಿದ್ದರು, ಅವರು ನಿಲ್ಲುವುದಕ್ಕೆ ಒಂದು ಜಾಗ ಇರಲಿಲ್ಲ ಅಷ್ಟೇ.

ಒಮಾಹಾದ ಶಿಬಿರ

ಜೂನ್ ಆರ್ನಲ್ಡ್‌ಗೆ ಒಂದು ಯೋಚನೆ ಹೊಳೆಯಿತು. ಹೆಣ್ಣುಮಕ್ಕಳೇ ಪುಸ್ತಕ ಬರೆಯುತ್ತಿದ್ದಾರೆ, ಅವರೇ ಮೊಳೆ ಜೋಡಿಸುತ್ತಿದ್ದಾರೆ, ಅಚ್ಚು ಹಾಕುತ್ತಿದ್ದಾರೆ, ಹಂಚುತ್ತಿದ್ದಾರೆ, ಮಾರುತ್ತಿದ್ದಾರೆ. ಇವರೆಲ್ಲ ಒಮ್ಮೆ ಮುಖಾಮುಖಿಯಾದರೆ? ನಾಲ್ಕೂ ದಿಕ್ಕಿನವರಿಗೆ ಸರಿಸುಮಾರು ಒಂದೇ ದೂರವಾಗಲಿ ಎಂದು ದೇಶದ ನಟ್ಟನಡುವಿನ ನೆಬ್ರಾಸ್ಕಾ ಆರಿಸಿದರು. ಒಮಾಹಾ ಪಟ್ಟಣದ ಹೊರಗಿನ ಬಾಲಕಿಯರ ಶಿಬಿರವೊಂದರಲ್ಲಿ 1976ರ ಬೇಸಿಗೆಯ ಕೊನೆಗೆ ಸುಮಾರು 130 ಹೆಂಗಸರು ಬಂದು ಸೇರಿದರು.

ಅಲ್ಲಿಂದ ಹೊರಟ ಕ್ಯಾರಲ್ ಸೀಜೇ ಎಂಬಾಕೆ ಅದೇ ಅಕ್ಟೋಬರಿನಲ್ಲಿ ಒಂದು ಸುದ್ದಿಪತ್ರ ಶುರುಮಾಡಿದಳು, ಸ್ತ್ರೀವಾದಿ ಪುಸ್ತಕದಂಗಡಿಗಳಿಗೆಂದೇ. ಅದೇ ವರ್ಷ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ‘ಓಲ್ಡ್ ವೈವ್ಸ್ ಟೇಲ್ಸ್’ ಎಂಬ ಅಂಗಡಿ ತೆರೆದವರಲ್ಲೂ ಆಕೆ ಒಬ್ಬಳು. ಇಂಟರ್‌ನೆಟ್ಟಿಲ್ಲ, ದೂರದ ಊರಿಗೆ ಫೋನು ಮಾಡಿದರೆ ಕೈಸುಡುವ ಬಿಲ್ಲು. ಯಾವ ಪುಸ್ತಕ ಬಂತು, ಯಾರ ಬಳಿ ಸಿಗುತ್ತದೆ, ಯಾವುದು ಮುಗಿದುಹೋಗಿದೆ, ಎಲ್ಲ ಅದರಲ್ಲಿ. ಆಟ ಇರುವುದು ಆ ಕೊನೆಯದರಲ್ಲೇ! ಮುದ್ರಣ ನಿಂತ ಪುಸ್ತಕವನ್ನು ಮತ್ತೆ ತನ್ನಿ ಎಂದು ಒಂದು ಅಂಗಡಿ ಕೇಳಿದರೆ ಪ್ರಕಾಶಕ ಕಿವಿಗೊಡುವುದಿಲ್ಲ. ಡಜನ್ನುಗಟ್ಟಲೆ ಅಂಗಡಿಗಳು ಒಟ್ಟಿಗೆ ಕೇಳಿದರೆ ಲೆಕ್ಕ ಹಾಕುತ್ತಾನೆ. ಸತ್ತುಹೋಗಿದ್ದ ಪುಸ್ತಕಗಳು ಎದ್ದು ಕೂತವು. ಈ ಸುದ್ದಿಪತ್ರ 2000ದವರೆಗೂ ನಡೆಯಿತು.

ಅಷ್ಟರಲ್ಲಿ ಜಗಲಿಯ ಕಿಡಿ ಎಲ್ಲೆಲ್ಲಿ ಹೊತ್ತಿಕೊಂಡಿತು ಗೊತ್ತೇ? ಅಟ್ಲಾಂಟಾದಲ್ಲಿ 1974ಕ್ಕೆ ‘ಕ್ಯಾರಿಸ್’. ಪ್ಯಾರಿಸ್ಸಿನಲ್ಲೂ ಅದೇ ವರ್ಷ ಆಂಟ್ವನೆಟ್ ಫೂಕ್ ಬಳಗದ ಅಂಗಡಿ. 1975ರಲ್ಲಿ ಇಟಲಿಯ ಮಿಲಾನ್. 1978ರಲ್ಲಿ ಲಂಡನ್ನಿನ ‘ಸಿಸ್ಟರ್‌ರೈಟ್’. 1979ರಲ್ಲಿ ಷಿಕಾಗೋದ ‘ವಿಮೆನ್ ಆ್ಯಂಡ್ ಚಿಲ್ಡ್ರನ್ ಫಸ್ಟ್’. 1994ರಲ್ಲಿ ತೈಪೇಯ ‘ಫೆಮ್‌ಬುಕ್ಸ್’. ಎಲ್ಲ ಕಡೆ ಸುಖವೇ ಇತ್ತೆಂದಲ್ಲ. ಟೊರಾಂಟೊದ ವಿಮೆನ್ಸ್ ಬುಕ್‌ಸ್ಟೋರ್ ಇದ್ದ ಕಟ್ಟಡದ ಮಹಡಿಯಲ್ಲಿ ಡಾ. ಮಾರ್ಗೆಂಟೇಲರ್ ಅವರ ಗರ್ಭಪಾತ ಕ್ಲಿನಿಕ್ಕಿತ್ತು. 1983ರ ಜುಲೈಯಲ್ಲಿ ಯಾರೋ ಅಲ್ಲಿಗೆ ಬೆಂಕಿ ಇಟ್ಟರು, ಅಂಗಡಿ ಸುಟ್ಟಿತು. ಅಂಗಡಿಯವರು ಮತ್ತೆ ಬಾಗಿಲು ತೆರೆದರು, 2012ರವರೆಗೂ ನಡೆಸಿದರು!

ಬೆಂಗಳೂರಿಗೂ ಬಂತು

ನಮ್ಮ ಕಡೆಗೂ ಆ ಗಾಳಿ ಬೀಸಿತು ಎಂದರೆ ನಂಬುತ್ತೀರಾ? ವರದಕ್ಷಿಣೆ ಸಾವುಗಳ ವಿರುದ್ಧ ಬೀದಿಗಿಳಿದ ‘ವಿಮೋಚನಾ’ ಬಳಗ ಬೆಂಗಳೂರಿನಲ್ಲಿ ಹುಟ್ಟಿದ್ದು 1979ರಲ್ಲಿ. ಎಂಬತ್ತರ ದಶಕದಲ್ಲಿ ಅದೇ ಬಳಗ ‘ಸ್ತ್ರೀಲೇಖಾ’ ಎಂಬ ಪುಸ್ತಕ ಮಳಿಗೆ ನಡೆಸಿತು. ನಮ್ಮದೇ ಊರಲ್ಲಿ, ಹೆಣ್ಣುಮಕ್ಕಳ ಓದಿಗೆಂದೇ ಒಂದು ಅಂಗಡಿ!

1984ರಲ್ಲಿ ದೆಹಲಿಯಲ್ಲಿ ಊರ್ವಶಿ ಬುಟಾಲಿಯಾ ಮತ್ತು ರಿತು ಮೆನನ್ ‘ಕಾಳಿ ಫಾರ್ ವಿಮೆನ್’ ಪ್ರಕಾಶನ ತೆರೆದರು. ಅವರು ತಂದ ‘ಶರೀರ್ ಕೀ ಜಾನ್‌ಕಾರಿ’ ಎಂಬ ಹಿಂದಿ ಪುಸ್ತಕದ ಕಥೆ ಕೇಳಿದರೆ ಬಾಸ್ಟನ್ನಿನವರೂ ತಲೆದೂಗಬೇಕು. ಬರೆದವರು ರಾಜಸ್ಥಾನದ ಹಳ್ಳಿಗಳ ಸುಮಾರು 75 ಹೆಂಗಸರು. ಮೊದಲು ಮೈಯ ಚಿತ್ರಗಳನ್ನು ಬತ್ತಲೆಯಾಗಿ ಬರೆದರು. ಹಳ್ಳಿಯಲ್ಲಿ ತೋರಿಸಿದರೆ, ‘ನಮ್ಮೂರಲ್ಲಿ ಯಾರು ಹೀಗೆ ಬತ್ತಲೆ ನಿಲ್ಲುತ್ತಾರೆ, ಇದು ಸುಳ್ಳು’ ಎಂಬ ಆಕ್ಷೇಪ ಬಂತು. ಆಮೇಲೆ ಏನು ಮಾಡಿದರು ಗೊತ್ತೇ? ಲಂಗ ಉಟ್ಟ, ಸೆರಗು ಹೊದ್ದ ಹೆಂಗಸಿನ ಚಿತ್ರ ಬರೆದು, ಲಂಗವನ್ನು ಕಾಗದದ ಪರದೆ ಮಾಡಿದರು. ಬೆರಳಿಂದ ಎತ್ತಿ ನೋಡಿದರೆ ಒಳಗೆ ದೇಹದ ರಚನೆ! ಮರ್ಯಾದೆಗೆ ಮರ್ಯಾದೆ, ತಿಳಿವಳಿಕೆಗೆ ತಿಳಿವಳಿಕೆ. ಇನ್ನೊಂದು ಷರತ್ತನ್ನೂ ಹಾಕಿದರು. ಪುಸ್ತಕ ಅಂಗಡಿಗೆ ಹೋಗಕೂಡದು, ಹಳ್ಳಿಯ ಹೆಂಗಸರಿಗೆ ಅಸಲು ಬೆಲೆಗೆ ಸಿಗಬೇಕು. ಹಾಗೇ ಆಯಿತು. ಕಪಾಟು ಮರದ್ದೇ ಆಗಬೇಕೆಂದಿಲ್ಲ, ನೋಡಿ.

ಕಾಗದದ ಮೇಲಿನ ಅಂಗಡಿ

ಮತ್ತೆ ಮಿನಿಯಾಪೊಲಿಸ್. ಜಗಲಿ ಸಾಲದಾಗಿ ಅಂಗಡಿ ಹೆನೆಪಿನ್ ಅವೆನ್ಯೂಗೆ ಬಂತು, ಅಲ್ಲಿಂದ ಲೋರಿಂಗ್ ಪಾರ್ಕಿನ ಬಳಿ, ಮುಂದೆ ಷಿಕಾಗೋ ಅವೆನ್ಯೂ. ಮಾಲೀಕ ಎಂದು ಒಬ್ಬರಿಲ್ಲ. ಸಹಕಾರಿ ಪದ್ಧತಿ, ಕೆಲಸ ಮಾಡುವವರದೇ ಅಂಗಡಿ. ಇಂಥ ಅಂಗಡಿಗಳ ನೋಟಿಸ್ ಬೋರ್ಡೇ ಒಂದು ಲೋಕ: ಬಾಡಿಗೆಗೆ ರೂಮು, ಸಂಜೆಯ ಕವಿಗೋಷ್ಠಿ, ಹೆಣ್ಣುಮಕ್ಕಳ ಆಟದ ತಂಡ, ಹೊಡೆಯುವ ಗಂಡನಿಂದ ತಪ್ಪಿಸಿಕೊಂಡವಳಿಗೆ ಆಸರೆ ಸಿಗುವ ವಿಳಾಸ. ಪುಸ್ತಕ ಕೊಳ್ಳುವ ನೆಪದಲ್ಲಿ ಒಳಗೆ ಬಂದವಳು ಬೋರ್ಡು ಓದಿ ಹೋದರೆ ಯಾರಿಗೂ ಸಂಶಯ ಬರುವುದಿಲ್ಲ!

ಎಂಬತ್ತರ ದಶಕದಲ್ಲಿ ಮಿನಿಯಾಪೊಲಿಸ್ ಸೀಮೆಯಲ್ಲಿ ಆ್ಯಲಿಸನ್ ಬೆಕ್ಡೆಲ್ ಎಂಬ ವ್ಯಂಗ್ಯಚಿತ್ರಗಾರ್ತಿ ನೆಲೆಸಿದ್ದಳು. ಹೆಸರು ಎಲ್ಲೋ ಕೇಳಿದಂತಿದೆಯೇ? ಸಿನಿಮಾದಲ್ಲಿ ಇಬ್ಬರು ಹೆಂಗಸರು ಗಂಡಸಿನ ವಿಷಯ ಬಿಟ್ಟು ಬೇರೇನಾದರೂ ಮಾತಾಡುತ್ತಾರೆಯೇ ಎಂದು ಕೇಳುವ ‘ಬೆಕ್ಡೆಲ್ ಟೆಸ್ಟ್’ ಇದೆಯಲ್ಲ, ಅದೇ ಬೆಕ್ಡೆಲ್! ಆಕೆಯ ಕಾಮಿಕ್ ಮಾಲೆಯಲ್ಲಿ ‘ಮ್ಯಾಡ್‌ವಿಮಿನ್ ಬುಕ್ಸ್’ ಎಂಬ ಅಂಗಡಿ ಬರುತ್ತದೆ, ನಾಯಕಿ ಮೋ ಅಲ್ಲಿಯ ಕೆಲಸಗಾತಿ. ಅದಕ್ಕೆ ಮಾದರಿ ನಮ್ಮ ಈ ಅಮೆಜಾನ್. ಅಂದರೆ ಇಂದು ಕನ್ನಡ ಸಿನಿಮಾ ವಿಮರ್ಶೆಗಳಲ್ಲೂ ಸುಳಿದಾಡುವ ಆ ಪರೀಕ್ಷೆಯ ಒಡತಿ ಇದೇ ಅಂಗಡಿಯನ್ನು ಕಣ್ಣಲ್ಲಿಟ್ಟು ಗೆರೆ ಎಳೆದವಳು!

ಇಬ್ಬರು ಅಮೆಜಾನರು

ತೊಂಬತ್ತರ ದಶಕದ ನಡುವೆ ಅಮೆರಿಕ, ಕೆನಡಾಗಳಲ್ಲಿ ಇಂಥ ಅಂಗಡಿಗಳು ನೂರಕ್ಕೂ ಹೆಚ್ಚು. ಆಗ ಬಂದ ನೋಡಿ ಬೆಜೋಸ್.

ಆತ ಮೊದಲು ಇಟ್ಟ ಹೆಸರು ‘ಕಡಾಬ್ರಾ’. ಫೋನಿನಲ್ಲಿ ‘ಕಡಾವರ್’, ಅಂದರೆ ಹೆಣ, ಎಂದು ಕೇಳಿಸಿತೆಂದು ಬಿಟ್ಟ. ಇಂಗ್ಲಿಷಿನ ಮೊದಲ ಅಕ್ಷರದಿಂದ ಶುರುವಾಗುವ ಹೆಸರು ಬೇಕಿತ್ತು, ಪಟ್ಟಿಯಲ್ಲಿ ಮೇಲೆ ಬರಲಿ ಎಂದು. ಜಗತ್ತಿನ ಮಹಾನದಿಯ ಹೆಸರು ಸಿಕ್ಕಿತು. 1995ರ ಜುಲೈನಲ್ಲಿ ಅಮೆಜಾನ್ ಡಾಟ್ ಕಾಮ್ ತೆರೆಯಿತು. ಆದರೆ ಆ ನದಿಗೆ ಆ ಹೆಸರು ಬಂದದ್ದು ಹೇಗೆ? 1542ರಲ್ಲಿ ಸ್ಪೇನಿನ ಅನ್ವೇಷಕ ಒರೆಯಾನಾ ದೋಣಿಯಲ್ಲಿ ಬರುತ್ತಿದ್ದಾಗ ಬಿಲ್ಲು ಹಿಡಿದ ಹೆಂಗಸರು ಎದುರಾಗಿ ಕಾದಿದರೆಂದು ಜೊತೆಗಿದ್ದ ಪಾದ್ರಿ ಬರೆದಿಟ್ಟ. ಗ್ರೀಕರ ಯೋಧೆಯರು ನೆನಪಾದರು, ನದಿಗೆ ಅವರ ಹೆಸರು ಅಂಟಿತು. ಬೆಜೋಸ್ ನದಿಯಿಂದ ಎತ್ತಿಕೊಂಡದ್ದೂ ಆ ಹೆಂಗಸರ ಹೆಸರನ್ನೇ!

ಮಿನಿಯಾಪೊಲಿಸ್ ಅಂಗಡಿಯ ಫೋನು ಬಡಿದುಕೊಳ್ಳತೊಡಗಿತು. ಡಾಟ್ ಕಾಮ್‌ನ ಗಿರಾಕಿಗಳು ಇವರನ್ನು ಹುಡುಕಿಕೊಂಡು ಬಂದರು, ಇವರ ಹಳೇ ಗಿರಾಕಿಗಳು ಅಲ್ಲಿಗೆ ಆರ್ಡರು ಕೊಟ್ಟು ‘ನಿಮ್ಮಲ್ಲೇ ಕೊಂಡೆ’ ಎಂದುಕೊಂಡರು. 1999ರ ಏಪ್ರಿಲ್‌ನಲ್ಲಿ ಜಗಲಿಯ ಹೆಣ್ಣುಮಕ್ಕಳು ದೈತ್ಯನ ಮೇಲೆ ದಾವೆ ಹೂಡಿದರು. ಹೆಸರನ್ನು ರಿಜಿಸ್ಟರ್ ಮಾಡಿಸಿರಲಿಲ್ಲ. ಆದರೆ ಅಮೆರಿಕದ ಕಾನೂನಿನಲ್ಲಿ, ನಮ್ಮಲ್ಲೂ ಅಷ್ಟೇ, ಬಳಸುತ್ತಾ ಬಂದದ್ದರಿಂದಲೇ ಹೆಸರಿನ ಮೇಲೆ ಹಕ್ಕು ಹುಟ್ಟುತ್ತದೆ. ಇವರದು ಇಪ್ಪತ್ತೊಂಬತ್ತು ವರ್ಷದ ಬಳಕೆ.

ವಿಚಾರಣೆಗೆ ಮುನ್ನ ವಕೀಲರು ಹೇಳಿಕೆ ಪಡೆಯುವಾಗ ಡಾಟ್ ಕಾಮ್ ಕಡೆಯವರು ಏನು ಕೇಳಿದರು ಗೊತ್ತೇ? ಅಂಗಡಿಯ ಹೆಂಗಸರು ಲೆಸ್ಬಿಯನ್ನರೇ ಎಂದು! ನಿಮ್ಮ ಗಿರಾಕಿಗಳು ಬೇರೆ, ನಮ್ಮ ಗಿರಾಕಿಗಳು ಬೇರೆ, ಗೊಂದಲ ಎಲ್ಲಿಂದ ಬರುತ್ತದೆ ಎಂದು ಸಾಧಿಸುವುದಕ್ಕೆ ಈ ಪ್ರಶ್ನೆ ಬೇಕು ಎಂಬುದು ಕಂಪನಿಯ ವಾದ. ಪತ್ರಿಕೆಗಳಲ್ಲಿ ಗುಲ್ಲೆದ್ದಿತು.

ನವೆಂಬರ್‌ನಲ್ಲಿ ರಾಜಿಯಾಯಿತು. ಹೆಸರಿನ ಹಕ್ಕು ಡಾಟ್ ಕಾಮ್‌ಗೆ ಹೋಯಿತು, ‘ಅಮೆಜಾನ್ ಬುಕ್‌ಸ್ಟೋರ್ ಕೋಆಪರೇಟಿವ್’ ಎಂಬ ಪೂರ್ತಿ ಹೆಸರು ಬಳಸಲು ಇವರಿಗೆ ಅನುಮತಿ ಮರಳಿ ಬಂತು. ಎಷ್ಟು ಹಣ ಕೈಬದಲಾಯಿತೆಂದು ಹೊರಗೆ ಹೇಳಲಿಲ್ಲ. 2008ರಲ್ಲಿ ಅಂಗಡಿ ಬೇರೆಯವರ ಕೈಗೆ ಹೋದಾಗ ಹೆಸರೂ ಬದಲಾಗಿ ‘ಟ್ರೂ ಕಲರ್ಸ್’ ಆಯಿತು. 2012ರಲ್ಲಿ ಬಾಗಿಲು ಮುಚ್ಚಿತು. ಬೆಕ್ಡೆಲ್ ಬರೆದ ಕಾಗದದ ಅಂಗಡಿ ಅದಕ್ಕೂ ಮೊದಲೇ ಮುಚ್ಚಿತ್ತು.

ಹಾಗಾದರೆ ಉಳಿದದ್ದೇನು?

ಸೋತರು ಎನ್ನುತ್ತೀರಾ? ತಾಳಿ. ಲಂಡನ್ನಿನ ಚಾರಿಂಗ್ ಕ್ರಾಸ್ ರಸ್ತೆಯ ‘ಸಿಲ್ವರ್ ಮೂನ್’ 2001ರಲ್ಲಿ ಮುಚ್ಚಿದಾಗ ಅದೇ ರಸ್ತೆಯ ಭಾರಿ ಪುಸ್ತಕದಂಗಡಿ ಫಾಯ್ಲ್ಸ್ ಅದನ್ನು ತನ್ನೊಳಗಿನ ಒಂದು ವಿಭಾಗವನ್ನಾಗಿ ಮಾಡಿಕೊಂಡಿತು. ಅಂಗಡಿ ಹೋಗಿ ಕಪಾಟಾಯಿತು! ಹೆಚ್ಚುಕಡಿಮೆ ಎಲ್ಲ ಕಡೆ ಆದದ್ದು ಇದೇ. ‘ಮಹಿಳಾ ಅಧ್ಯಯನ’ ಎಂಬ ವಿಂಗಡಣೆ ಇಂದು ಯಾವ ದೊಡ್ಡ ಮಳಿಗೆಯಲ್ಲಿಲ್ಲ? ಅಮೆಜಾನ್ ಡಾಟ್ ಕಾಮ್‌ನ ಪುಸ್ತಕ ಪಟ್ಟಿಯೊಳಗೂ ಇದೆ. ಇನ್ನು ಕ್ಯಾರಿಸ್, ಮಿಲಾನ್, ಷಿಕಾಗೋದ ಅಂಗಡಿಗಳು ಐವತ್ತರ ಆಸುಪಾಸಿನಲ್ಲೂ ಗಟ್ಟಿಯಾಗಿ ನಿಂತಿವೆ.

ಇನ್ನು ಕೊನೆಯ ಬೆರಗು, ನಮಗೇ ಮೀಸಲಾದದ್ದು. ಜಗಲಿಯ ಅಮೆಜಾನ್ ಹುಟ್ಟಿದ ವರ್ಷವೇ, 1970ರಲ್ಲಿ, ಫ್ಲಾರೆನ್ಸ್ ಹೋವ್ ‘ಫೆಮಿನಿಸ್ಟ್ ಪ್ರೆಸ್’ ಎಂಬ ಪ್ರಕಾಶನ ಶುರುಮಾಡಿದರು. 1991ರಲ್ಲಿ ಅದು ನ್ಯೂಯಾರ್ಕಿನಿಂದ ಒಂದು ದಪ್ಪ ಸಂಪುಟ ತಂದಿತು, ಸೂಸಿ ತಾರು ಮತ್ತು ಕೆ. ಲಲಿತಾ ಸಂಪಾದಿಸಿದ ‘ವಿಮೆನ್ ರೈಟಿಂಗ್ ಇನ್ ಇಂಡಿಯಾ’. ಪುಟ ತಿರುವಿದರೆ ಯಾರು? ಅಕ್ಕಮಹಾದೇವಿ! ಸಂಚಿ ಹೊನ್ನಮ್ಮ! ನಂಜನಗೂಡು ತಿರುಮಲಾಂಬಾ!

ಆ ಮೂರನೆಯ ಹೆಸರಿನ ಬಳಿ ಸ್ವಲ್ಪ ನಿಲ್ಲಿ. 1887ರಲ್ಲಿ ಹುಟ್ಟಿದ ತಿರುಮಲಾಂಬಾ ಬಾಲವಿಧವೆ. 1913ರ ಹೊತ್ತಿಗೆ ‘ಸುಶೀಲೆ’ ಕಾದಂಬರಿ ಬರೆದರು. ‘ಸತಿ ಹಿತೈಷಿಣಿ’ ಗ್ರಂಥಮಾಲೆ ಹೊರತಂದರು, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಲೇಖಕಿ, ಪ್ರಕಾಶಕಿ, ಸಂಪಾದಕಿ, ಎಲ್ಲ ಅವರೇ. ಒಮಾಹಾದ ಶಿಬಿರದಲ್ಲಿ 130 ಜನ ಹಂಚಿಕೊಂಡ ಕೆಲಸದಲ್ಲಿ ಎಷ್ಟೋ ಪಾಲನ್ನು ನಂಜನಗೂಡಿನ ಒಬ್ಬ ಹೆಣ್ಣುಮಗಳು ಅರವತ್ತು ವರ್ಷ ಮೊದಲೇ ಹೊತ್ತಿದ್ದರು! ಆಮೇಲೆ? ಪುಸ್ತಕ ಬರೆದವರು ಇದ್ದರು, ಅಚ್ಚು ಹಾಕಿದವರು ಇದ್ದರು, ಮುಂದಿನ ತಲೆಮಾರಿಗೆ ಎತ್ತಿಕೊಡುವ ಕಪಾಟು ಮಾತ್ರ ಇರಲಿಲ್ಲ. ಕನ್ನಡ ಸಾಹಿತ್ಯಲೋಕ ಅವರನ್ನು ಮರೆತೇಬಿಟ್ಟಿತು. ಲೇಖಕಿ ಚಿ.ನ. ಮಂಗಳಾ ಹುಡುಕಿಕೊಂಡು ಹೋಗಿ ಮದ್ರಾಸಿನಲ್ಲಿ ಅವರನ್ನು ಕಂಡಾಗ ತಿರುಮಲಾಂಬಾ ತೊಂಬತ್ತು ದಾಟಿದ್ದರು. 1982ರಲ್ಲಿ ತೀರಿಕೊಂಡರು.

ಪುಸ್ತಕವಿದ್ದೂ ಕಪಾಟಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಂಜನಗೂಡು ಸಾಕ್ಷಿ. ಪುಸ್ತಕವಿಲ್ಲದಿದ್ದರೂ ಕಪಾಟು ಕಟ್ಟಿದರೆ ಏನಾಗುತ್ತದೆ ಎನ್ನುವುದಕ್ಕೆ ಮಿನಿಯಾಪೊಲಿಸ್ ಸಾಕ್ಷಿ. ನಿಮ್ಮೂರಿನ ಪುಸ್ತಕದಂಗಡಿಗೆ ಈ ವಾರ ಹೋದರೆ ತಿರುಮಲಾಂಬಾ ಅವರ ಪುಸ್ತಕ ಬೇಕು ಎಂದು ಕೇಳಿ. ಇಲ್ಲ ಎಂದರೆ ತರಿಸಿಕೊಡಿ ಎನ್ನಿ. ಒಬ್ಬರು ಕೇಳಿದರೆ ಕಿವಿಗೆ ಬೀಳದು, ನೂರು ಜನ ಕೇಳಿದರೆ ಅಚ್ಚಾಗುತ್ತದೆ. ಅದನ್ನು ಆ ಅಂಗಡಿಗಳ ಹೆಣ್ಣುಮಕ್ಕಳು ಇಂಟರ್‌ನೆಟ್ಟಿಲ್ಲದ ಕಾಲದಲ್ಲಿ, ಒಂದು ಸುದ್ದಿಪತ್ರ ಇಟ್ಟುಕೊಂಡು ಮಾಡಿ ತೋರಿಸಿದ್ದಾರೆ.